‘ನಿನ್ನ ಒಳ್ಳೇದಕ್ಕೇ ಹೇಳಲಿಲ್ಲ’

ಬಾಲ್ಕನಿ ಟಿಕೆಟ್: ಸಿನಿಮಾ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ನಮ್ಮವರಿಗೆ ಸ್ಪೈಡರ್‌ಮ್ಯಾನ್ ಹುಚ್ಚು. ಈಚೆಗೆ ಅವರ ಕೆಲಸ ಹೋಯಿತು. ನನಗೆ ಹೇಳಲೇ ಇಲ್ಲ. ದಿನಾ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಹೊರಡುತ್ತಿದ್ದರು, ಸಂಜೆ ಖಾಲಿ ಡಬ್ಬಿ ತರುತ್ತಿದ್ದರು. ಪಕ್ಕದ ಮನೆಯವರು ಹೇಳಿದ ಮೇಲೆ ನನಗೆ ಗೊತ್ತಾಯಿತು. ಕೇಳಿದರೆ, ‘ನೀನು ಟೆನ್ಷನ್ ಮಾಡಿಕೊಳ್ತೀಯ ಅಂತ ಹೇಳಲಿಲ್ಲ. ಪೀಟರ್ ಪಾರ್ಕರ್ ಕೂಡ ತಾನೇ ಸ್ಪೈಡರ್‌ಮ್ಯಾನ್ ಅಂತ ತನ್ನ ಹುಡುಗಿ ಎಂಜೆಗೆ ಹೇಳಲಿಲ್ಲ ಅಲ್ವಾ, ಅದೂ ಪ್ರೀತಿನೇ’ ಅಂತಾರೆ. ನಗಲೋ ಅಳಲೋ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಜಗಳ ಆಡಿ. ನಗೋದು ಅಳೋದು ಆಮೇಲೆ.

ನಿಮ್ಮ ಯಜಮಾನರು ಸಿನಿಮಾ ನೋಡಿದ್ದಾರೆ ನಿಜ, ಪೂರ್ತಿ ನೋಡಿಲ್ಲ ಅನಿಸುತ್ತದೆ. 2002ರ ‘ಸ್ಪೈಡರ್‌ಮ್ಯಾನ್’ ತಗೊಳ್ಳಿ. ಕೊನೆಗೆ ಸ್ಮಶಾನದಲ್ಲಿ ಎಂಜೆ, ಅಂದರೆ ಮೇರಿ ಜೇನ್, ತನ್ನ ಪ್ರೀತಿ ಹೇಳಿಕೊಳ್ಳುತ್ತಾಳೆ. ಪೀಟರ್ ‘ನಾನು ಬರೀ ಫ್ರೆಂಡ್ ಆಗಿರಬಲ್ಲೆ’ ಅಂದು ನಡೆದುಬಿಡುತ್ತಾನೆ. ಅವಳಿಗೆ ಅಪಾಯ ಬರಬಾರದು ಅಂತ. ಆದರೆ ಅಪಾಯ ಆಗಲೇ ಬಂದು ಹೋಗಿದೆಯಲ್ಲ! ಗ್ರೀನ್ ಗಾಬ್ಲಿನ್ ಅವಳನ್ನು ಹೊತ್ತುಕೊಂಡು ಹೋಗಿ ಸೇತುವೆ ಮೇಲಿಂದ ಬಿಟ್ಟಾಗಿದೆ. ಯಾಕೆ? ಪೀಟರ್ ಯಾರು, ಅವನ ಮನಸ್ಸಿನಲ್ಲಿ ಯಾರಿದ್ದಾರೆ ಅನ್ನೋದು ಗಾಬ್ಲಿನ್‌ಗೆ ಗೊತ್ತಿತ್ತು. ವಿಲನ್‌ಗೆ ಗೊತ್ತು, ಅವಳಿಗೆ ಮಾತ್ರ ಗೊತ್ತಿಲ್ಲ. ನಿಮ್ಮ ಪಕ್ಕದ ಮನೆಯವರಿಗೆ ಗೊತ್ತಿದ್ದ ಹಾಗೆ.

ಎರಡನೇ ಭಾಗ (2004) ಬಂತು. ಎಂಜೆಗೆ ಆಗಲೂ ಗುಟ್ಟು ಗೊತ್ತಿಲ್ಲ. ಆದರೂ ಡಾಕ್ಟರ್ ಆಕ್ಟೋಪಸ್ ಅವಳನ್ನೇ ಎತ್ತಿಕೊಂಡು ಹೋಗುತ್ತಾನೆ. ಗುಟ್ಟು ಮುಚ್ಚಿಟ್ಟಿದ್ದರಿಂದ ಅವಳಿಗೆ ಏನು ಉಳಿಯಿತು ಹೇಳಿ. ಕೊನೆಗೆ ಅವಳಿಗೆ ವಿಷಯ ತಿಳಿದಾಗ ಏನು ಮಾಡುತ್ತಾಳೆ? ಗಗನಯಾತ್ರಿ ಜೊತೆಗಿನ ಮದುವೆ ಬಿಟ್ಟು, ಮದುವೆ ಬಟ್ಟೆಯಲ್ಲೇ ಓಡಿ ಬಂದು ಪೀಟರ್‌ನ ರೂಮಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಅಪಾಯ ಇದೆ ಅಂತ ಗೊತ್ತು, ಆದರೂ ಎದುರಿಸೋಣ ಅನ್ನುತ್ತಾಳೆ. ಎರಡು ಸಿನಿಮಾ ಪೂರ್ತಿ ‘ಅವಳಿಗೆ ತಡೆಯೋಕೆ ಆಗಲ್ಲ’ ಅಂತ ಅವನೇ ಅಂದುಕೊಂಡಿದ್ದ. ಅವಳನ್ನು ಕೇಳಿರಲಿಲ್ಲ, ಅಷ್ಟೆ.

ಈ ಜಾತಿಯ ಸಿನಿಮಾಗಳು ಪ್ರೀತಿ ಬಗ್ಗೆ ಹೇಳುವ ದೊಡ್ಡ ಸುಳ್ಳು ಇದೇ ಅಂತ ನನ್ನ ಅಭಿಪ್ರಾಯ. ಹಾರೋದು, ಗೋಡೆ ಹತ್ತೋದು ಸುಳ್ಳು ಅಂತ ಮಕ್ಕಳಿಗೂ ಗೊತ್ತು. ಆದರೆ ‘ಪ್ರೀತಿಸುವವಳ ಪರವಾಗಿ ನಾನೇ ನಿರ್ಧಾರ ಮಾಡುತ್ತೇನೆ, ಅದೇ ತ್ಯಾಗ’ ಅನ್ನೋದನ್ನು ದೊಡ್ಡವರೂ ನಂಬಿಕೊಂಡು ಮನೆಗೆ ಹೋಗುತ್ತಾರೆ. 1980ರ ‘ಸೂಪರ್‌ಮ್ಯಾನ್ 2’ ಅಂತೂ ಕೇಳಲೇಬೇಡಿ. ಪತ್ರಕರ್ತೆ ಲೋಯಿಸ್ ಲೇನ್‌ಗೆ ಸೂಪರ್‌ಮ್ಯಾನ್ ಯಾರು ಅನ್ನುವ ಗುಟ್ಟು ಗೊತ್ತಾಗುತ್ತದೆ, ಇಬ್ಬರೂ ಹತ್ತಿರ ಆಗುತ್ತಾರೆ. ಕೊನೆಗೆ ಅವಳಿಗೆ ಈ ಗುಟ್ಟು ಹೊತ್ತು ಬದುಕೋದು ಕಷ್ಟ ಆಗುತ್ತಿದೆ ಅಂತ ಒಂದು ಮುತ್ತು ಕೊಟ್ಟು ಅವಳ ನೆನಪನ್ನೇ ಅಳಿಸಿಹಾಕುತ್ತಾನೆ! ಅವಳ ತಲೆ, ಅವಳ ನೆನಪು. ಒಂದು ಮಾತು ಕೇಳಬೇಡವಾ?

ಹೇಳಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ಅನ್ನಲಾರೆ. 2014ರ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2’ರಲ್ಲಿ ಪೀಟರ್‌ನ ಹುಡುಗಿ ಗ್ವೆನ್, ಅವಳಿಗೆ ಎಲ್ಲಾ ಗೊತ್ತು. ಅವಳ ಅಪ್ಪ ಹಿಂದಿನ ಸಿನಿಮಾದಲ್ಲಿ ಸಾಯುವಾಗ ‘ನನ್ನ ಮಗಳನ್ನು ಇದರಿಂದ ದೂರ ಇಡು’ ಅಂತ ಪೀಟರ್ ಹತ್ತಿರ ಮಾತು ತಗೊಂಡಿರುತ್ತಾನೆ. ಮಗಳನ್ನು ಕೇಳದೆ ಇಬ್ಬರು ಗಂಡಸರು ಮಾಡಿಕೊಂಡ ಒಪ್ಪಂದ. ಕೊನೆಯ ಹೋರಾಟಕ್ಕೆ ಅವಳು ಬರಬಾರದು ಅಂತ ಪೀಟರ್ ಅವಳ ಕೈಯನ್ನು ಬಲೆಯಿಂದ ಕಾರಿಗೆ ಅಂಟಿಸಿಬಿಡುತ್ತಾನೆ. ಅವಳು ಬಿಡಿಸಿಕೊಂಡು ಬರುತ್ತಾಳೆ. ಕರೆಂಟ್ ಗ್ರಿಡ್ ಹೇಗೆ ಸರಿಮಾಡಬೇಕು ಅಂತ ಗೊತ್ತಿದ್ದದ್ದು ಅವಳಿಗೇ. ಬಂದಳು, ಊರಿನ ಕೆಲಸ ಮುಗಿಸಿದಳು, ಗಡಿಯಾರದ ಗೋಪುರದಲ್ಲಿ ಬಿದ್ದು ಸತ್ತಳು. ನನಗೆ ಅಳು ತಡೆಯಲಾಗಲಿಲ್ಲ. ಆದರೂ ‘ಅಯ್ಯೋ, ಅವಳಿಗೆ ಹೇಳಬಾರದಿತ್ತು’ ಅಂತ ಒಂದು ಸಲವೂ ಅನಿಸಲಿಲ್ಲ.

ನಿಮ್ಮ ಯಜಮಾನರಿಗೆ ಸರಿಯಾಗಿ ಹೊಂದುವ ಸಿನಿಮಾ ಬೇರೆ ಇದೆ: ‘ದಿ ಇನ್‌ಕ್ರೆಡಿಬಲ್ಸ್’, 2004, ಕಾರ್ಟೂನು. ಬಾಬ್ ಅನ್ನುವ ಮಾಜಿ ಸೂಪರ್‌ಹೀರೊ ಇನ್ಶೂರೆನ್ಸ್ ಕಂಪನಿಯಲ್ಲಿ ಗುಮಾಸ್ತ. ಬಾಸ್‌ನನ್ನು ಗೋಡೆಗಳ ಮೂಲಕ ಎಸೆದು ಕೆಲಸ ಕಳೆದುಕೊಳ್ಳುತ್ತಾನೆ. ಹೆಂಡತಿ ಹೆಲನ್‌ಗೆ ಹೇಳುವುದಿಲ್ಲ. ಗುಟ್ಟಾಗಿ ಹಳೆ ಸಾಹಸದ ಕೆಲಸಕ್ಕೆ ಮತ್ತೆ ಸೇರಿ, ಆಫೀಸಿನ ಕಾನ್ಫರೆನ್ಸ್ ಅಂತ ಸುಳ್ಳು ಹೇಳಿ ಹೋಗುತ್ತಾನೆ. ಅವಳಿಗೆ ಅವನ ಕೋಟಿನ ಮೇಲೆ ಯಾರದೋ ಉದ್ದ ಬೆಳ್ಳಿಬಣ್ಣದ ಕೂದಲು ಸಿಗುತ್ತದೆ. ಮುಂದೆ ಅವಳ ತಲೆಯಲ್ಲಿ ಏನು ಓಡಿತು ಅಂತ ನಾನು ಬರೆಯಬೇಕಿಲ್ಲ, ನಿಮಗೇ ಗೊತ್ತು. ಕಡೆಗೆ ಅವನು ಎಲ್ಲಿದ್ದಾನೆ ಅಂತ ಹುಡುಕಲು ಅವಳು ಅವನ ಹೊಸ ಡ್ರೆಸ್ಸಿನೊಳಗಿನ ಯಂತ್ರ ಆನ್ ಮಾಡುತ್ತಾಳೆ. ಅದು ಬೀಪ್ ಅಂತ ಕೂಗುತ್ತದೆ, ಅವನು ಶತ್ರುವಿನ ಕೈಗೆ ಸಿಕ್ಕಿಬೀಳುತ್ತಾನೆ. ಮನೆಯಲ್ಲಿ ಹೇಳಿ ಹೋಗಿದ್ದರೆ ಸಿಗುತ್ತಲೇ ಇರಲಿಲ್ಲ.

ಅದರಲ್ಲೇ ಇನ್ನೊಂದು ಜಾಗ. ಕೊನೆಯ ಹೋರಾಟಕ್ಕೆ ಮುಂಚೆ ಬಾಬ್ ‘ನೀವೆಲ್ಲ ಇಲ್ಲೇ ಇರಿ, ನಾನೊಬ್ಬನೇ ಹೋಗ್ತೀನಿ’ ಅನ್ನುತ್ತಾನೆ. ಹೆಲನ್ ರೇಗುತ್ತಾಳೆ. ಆಗ ನಿಜ ಬಾಯಿಬಿಡುತ್ತಾನೆ: ನಿನ್ನನ್ನು ಇನ್ನೊಂದು ಸಲ ಕಳೆದುಕೊಳ್ಳುವ ಶಕ್ತಿ ನನಗಿಲ್ಲ. ಹೆದರಿಕೆ ಇದ್ದದ್ದು ಅವನಿಗೆ, ‘ನಿನ್ನ ಒಳ್ಳೇದಕ್ಕೆ’ ಅಂತ ಹೆಸರಿಟ್ಟದ್ದು ಅದಕ್ಕೆ. ನಿಮ್ಮವರಿಗೂ ನಿಮ್ಮ ಟೆನ್ಷನ್ನಿಗಿಂತ ನಿಮ್ಮ ಮುಖ ನೋಡಿ ‘ಕೆಲಸ ಹೋಯ್ತು’ ಅನ್ನುವ ಹೆದರಿಕೆಯೇ ಜಾಸ್ತಿ ಇತ್ತೇನೋ. ಈ ಕಾರ್ಟೂನು ಒಟ್ಟಿಗೆ ನೋಡಿ. ನೀವು ಏನೂ ಹೇಳಬೇಡಿ, ಆ ಕೂದಲಿನ ಸೀನ್ ಬಂದಾಗ ಸುಮ್ನೆ ಅವರ ಕಡೆ ತಿರುಗಿ.

ಪ್ರಶ್ನೆ: ಸೂಪರ್‌ಹೀರೊಗಳು ಯಾಕೆ ಮದುವೆಯಾಗಿ ನೆಮ್ಮದಿಯಾಗಿ ಇರುವುದಿಲ್ಲ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಆಗುತ್ತಾರಮ್ಮ, ಇರೋಕೆ ಬಿಡುವುದಿಲ್ಲ. ಕಾಮಿಕ್ಸ್‌ನಲ್ಲಿ ಪೀಟರ್ ಮತ್ತು ಎಂಜೆ ಮದುವೆ 1987ರಲ್ಲೇ ಆಗಿತ್ತು. 2007ರಲ್ಲಿ ಪೀಟರ್‌ನನ್ನು ಸಾಕಿದ ದೊಡ್ಡಮ್ಮ ಮೇ ಅವರ ಪ್ರಾಣ ಉಳಿಸಲು ಮೆಫಿಸ್ಟೊ ಅನ್ನುವ ದೆವ್ವದ ಜೊತೆ ವ್ಯವಹಾರ ಮಾಡಿಸಿ, ಮದುವೆ ಆಗೇ ಇಲ್ಲ ಅನ್ನುವ ಹಾಗೆ ಮಾಡಿದರು. ಬ್ಯಾಟ್‌ಮ್ಯಾನ್ ಮದುವೆ 2018ರಲ್ಲಿ ಕೊನೇ ಗಳಿಗೆಯಲ್ಲಿ ಮುರಿಯಿತು. ಒಂಟಿ ಹುಡುಗನ ಕಥೆ ಜಾಸ್ತಿ ಓಡುತ್ತದೆ ಅನ್ನೋ ಲೆಕ್ಕಾಚಾರ ಅಷ್ಟೆ. ಸೂಪರ್‌ಮ್ಯಾನ್ ಮಾತ್ರ 1938ರಲ್ಲಿ ಕಣ್ಣಿಗೆ ಬಿದ್ದ ಲೋಯಿಸ್‌ಳನ್ನು 1996ರಲ್ಲಿ ಮದುವೆಯಾದ. ನಮ್ಮ ಕಡೆ ಇಷ್ಟು ಲೇಟಾದರೆ ನೆಂಟರು ಬಿಡುತ್ತಿದ್ದರಾ?

ಪ್ರಶ್ನೆ: ಮಲಯಾಳಂ ಸೂಪರ್‌ಹೀರೊ ಸಿನಿಮಾ ‘ಮಿನ್ನಲ್ ಮುರಳಿ’ಯಲ್ಲಿ ವಿಲನ್ ಶಿಬುವಿಗಾಗಿ ಅತ್ತೆ, ಹೀರೊಗಾಗಿ ಅಳಲಿಲ್ಲ. ನಿಜವಾದ ಪ್ರೇಮಿ ಶಿಬುನೇ ಅಲ್ಲವೇ?
– ಎಂ., ಮಂಗಳೂರು

ಉತ್ತರ: ಶಿಬು ಪಾತ್ರವನ್ನು ಗುರು ಸೋಮಸುಂದರಂ ಅಷ್ಟು ಚೆನ್ನಾಗಿ ಮಾಡಿದ್ದಾರೆ, ಅಳು ಬರದಿದ್ದರೇ ಆಶ್ಚರ್ಯ. ಆದರೂ ನನ್ನ ವೋಟು ಹೀರೊ ಜೇಸನ್‌ಗೆ. ಅವನ ಹುಡುಗಿಯೂ ಕೈಬಿಟ್ಟು ಬೇರೆಯವನ ಜೊತೆ ಹೋದಳು. ಕೂಗಾಡಿದ, ಮುಖ ಊದಿಸಿಕೊಂಡ, ಆಮೇಲೆ ತನ್ನ ಪಾಡಿಗೆ ಹೋದ. ಒಂದೇ ಸಿಡಿಲು ಬಡಿದು ಇಬ್ಬರಿಗೂ ಶಕ್ತಿ ಬಂದದ್ದು. ಶಿಬು ಉಷಾಗಾಗಿ ಎಷ್ಟೋ ವರ್ಷ ಕಾದ, ಪಾಪ. ಆದರೆ ಅಡ್ಡ ಬಂದವರನ್ನು ಸುಡಲು ಶುರುಮಾಡಿದ. ಅವನು ಕಾದದ್ದಕ್ಕೆ ಉಷಾ ಸಾಲಗಾರಳಾ? ಕಾಯಲು ಅವಳೇನು ಹೇಳಿರಲಿಲ್ಲವಲ್ಲ.

ಪ್ರಶ್ನೆ: ನನ್ನ ಹುಡುಗಿಗೆ ಸೂಪರ್‌ಹೀರೊ ಸಿನಿಮಾ ಅಂದರೆ ಬೋರ್. ಅವಳಿಗೂ ಇಷ್ಟ ಆಗುವಂಥದ್ದು ಒಂದು ಹೇಳಿ. ಟಿಕೆಟ್ ಖರ್ಚು ನನ್ನದೇ.
– ರ. ಗೌಡ, ಮಂಡ್ಯ

ಉತ್ತರ: 2025ರ ‘ಸೂಪರ್‌ಮ್ಯಾನ್’ ಮನೆಯಲ್ಲೇ ನೋಡಬಹುದು. ಇದರಲ್ಲಿ ಲೋಯಿಸ್‌ಗೆ ಮೊದಲಿಂದಲೂ ಗುಟ್ಟು ಗೊತ್ತು. ಅವಳ ಮನೆಯಲ್ಲಿ ಅವನು ಅಡುಗೆ ಮಾಡುತ್ತಾನೆ. ಅವಳು ರೆಕಾರ್ಡರ್ ಆನ್ ಮಾಡಿ ಸಂದರ್ಶನ ಶುರುಮಾಡುತ್ತಾಳೆ. ಇನ್ನೊಂದು ದೇಶದ ಯುದ್ಧದಲ್ಲಿ ಯಾರನ್ನೂ ಕೇಳದೆ ಯಾಕೆ ಕೈಹಾಕಿದೆ ಅಂತ ತರಾಟೆಗೆ ತಗೊಳ್ಳುತ್ತಾಳೆ. ಸೂಪರ್‌ಮ್ಯಾನ್ ಸಿಟ್ಟು ಮಾಡಿಕೊಂಡು ಎದ್ದುಹೋಗುತ್ತಾನೆ. ಕಟ್ಟಡ ಬೀಳುವ ಸೀನುಗಳಿಗಿಂತ ನನಗೆ ಇದು ಇಷ್ಟ.

ನಾನು ಟಾಕೀಸಿನ ಬುಕಿಂಗ್ ಕೌಂಟರಿನಲ್ಲಿ ಕೆಲಸ ಮಾಡಿದವಳು. ಹುಡುಗ ಬಂದು ‘ಎರಡು ಬಾಲ್ಕನಿ’ ಅನ್ನುತ್ತಿದ್ದ, ಹುಡುಗಿ ದೂರದಲ್ಲಿ ಬೇರೆ ಸಿನಿಮಾದ ಪೋಸ್ಟರ್ ನೋಡುತ್ತಾ ನಿಂತಿರುತ್ತಿದ್ದಳು. ಗೌಡರೇ, ಅವಳಿಗೆ ಯಾವುದು ಇಷ್ಟ ಅಂತ ದಾವಣಗೆರೆಯವರೆಗೂ ಗೊತ್ತಾಗುವ ಪತ್ರಿಕೆಗೆ ಬರೆದು ಕೇಳುತ್ತಿದ್ದೀರಲ್ಲ, ಅವಳಿಗೇ ಒಂದು ಫೋನ್ ಮಾಡಿ.