ಸಿಂಗಪುರದಲ್ಲೂ ಸೊಳ್ಳೆ ಇದೆ, ಅದೂ ಹಗಲಲ್ಲೇ ಕಚ್ಚುತ್ತದೆ

ಮುಂದಿನ ತಿಂಗಳು ಮೂರು ವರ್ಷದ ಮಗಳ ಜೊತೆ ಬರುತ್ತಿದ್ದೇವೆ, ಅಷ್ಟು ಕ್ಲೀನ್ ಊರಲ್ಲೂ ಡೆಂಗಿ ಇರುತ್ತದಾ ಅಕ್ಕ, ಸೊಳ್ಳೆ ಪರದೆ ತರಬೇಕಾ ಅಂತ ಕೇಳಿದ್ದೀರಿ. ಇರುತ್ತದೆ. ಪರದೆಯನ್ನೂ ತನ್ನಿ, ಮಗು ಮಧ್ಯಾಹ್ನ ಮಲಗುವಾಗ ಬೇಕು. 2020ರಲ್ಲಿ ಇಲ್ಲಿ 35,000ಕ್ಕಿಂತ ಜಾಸ್ತಿ ಜನರಿಗೆ ಡೆಂಗಿ ಬಂತು. ಅವರಲ್ಲಿ ನಮ್ಮ ಯಜಮಾನರೂ ಒಬ್ಬರು.

ಸೊಳ್ಳೆ ಅಂದರೆ ಚರಂಡಿ ಅಂತಲೇ ನಾವೆಲ್ಲ ಊರಲ್ಲಿ ಕೇಳಿ ಬೆಳೆದಿದ್ದೇವೆ, ಅಲ್ವಾ? ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದು ನಿಂತ ತಿಳಿನೀರು. ನಮ್ಮ ಮನೆಯಲ್ಲಿ ಅದು ಸಿಕ್ಕಿದ್ದು ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲಿ. ತಪಾಸಣೆಗೆ ಬಂದವರು ಟಾರ್ಚ್ ಬಿಟ್ಟು ತೋರಿಸಿದರು: ಅರ್ಧ ಬೆರಳಷ್ಟೂ ಆಳ ಇಲ್ಲದ ನೀರು, ಅದರಲ್ಲಿ ದಾರದ ಚೂರಿನಂಥ ಹುಳಗಳು ಬಳುಕುತ್ತಾ ತಳಕ್ಕಿಳಿಯುತ್ತಿದ್ದವು. 200 ಡಾಲರ್ ದಂಡ ಕಟ್ಟಿದೆವು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಸಾಕು, ಆದ್ದರಿಂದ ವಾರಕ್ಕೊಮ್ಮೆಯಾದರೂ ತಟ್ಟೆ, ಹೂದಾನಿ, ಹೂವು ತೇಲಿಬಿಡುವ ಉರುಳಿ, ಕಿಟಕಿ ಹೊರಗೆ ಬಟ್ಟೆ ಒಣಗಿಸುವ ಗಳ ಸಿಕ್ಕಿಸುವ ಕೊಳವೆ, ಎಲ್ಲದರ ನೀರು ಚೆಲ್ಲಿ. ಸುಮ್ನೆ ಚೆಲ್ಲಿದರೆ ಸಾಲದು, ಉಜ್ಜಬೇಕು. ಅಂಚಿಗೆ ಅಂಟಿದ ಮೊಟ್ಟೆ ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಬ್ಲಾಕ್ ಕೆಳಗೆ ಕೆಂಪು ಬ್ಯಾನರ್ ಕಂಡರೆ ಸುತ್ತಮುತ್ತ 10 ಅಥವಾ ಅದಕ್ಕಿಂತ ಹೆಚ್ಚು ಕೇಸ್ ಇವೆ ಅಂತ ಅರ್ಥ. ಹಳದಿ ಅಂದರೆ ಅದಕ್ಕಿಂತ ಕಡಿಮೆ. ಕೆಲವು ಕಡೆ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನು ಬೇಕಂತಲೇ ಬಿಡುತ್ತಾರೆ, ಗಾಬರಿ ಬೇಡ. ಗಂಡು ಸೊಳ್ಳೆ ಕಚ್ಚುವುದಿಲ್ಲ, ಅದರ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ.

ಪಾರ್ಕಿಗೆ ಹೋಗುವ ಮುಂಚೆ ಮಗುವಿಗೆ ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮ್ ಹಚ್ಚಿ, ಬೆಳಗ್ಗೆ ಮತ್ತು ಸಂಜೆ ಬೆಳಕಿರುವಾಗ ಅಂತೂ ಮರೆಯಬೇಡಿ. ಅಂಗೈಗೆ ಬೇಡ, ಬಾಯಿಗೆ ಹೋಗುತ್ತದೆ. ಸನ್‌ಸ್ಕ್ರೀನ್ ಹಚ್ಚುವುದಾದರೆ ಅದು ಮೊದಲು.

ಇನ್ನೊಂದು ಕೇಳಬೇಕು. ನಿಮ್ಮಲ್ಲಿ ಯಾರಿಗಾದರೂ ಬೆಂಗಳೂರಲ್ಲಿ ಡೆಂಗಿ ಬಂದು ಹೋಗಿದೆಯಾ? ವೈರಸ್‌ನಲ್ಲಿ ನಾಲ್ಕು ಬಗೆ ಇದೆ, ಎರಡನೇ ಸಲ ಬೇರೆ ಬಗೆ ಬಂದರೆ ಜೋರಾಗುವ ಅಪಾಯ ಜಾಸ್ತಿ. ನಮ್ಮವರಿಗೆ ಆಗಿದ್ದು ಅದೇ. ಐದನೇ ದಿನ ಜ್ವರ ಬಿಟ್ಟಿತು, ಅನ್ನ ಸಾರು ಕೇಳಿದರು, ಗೆದ್ದೆವು ಅಂದುಕೊಂಡೆ. ಸಂಜೆ ಹೊಟ್ಟೆನೋವು ಶುರುವಾಯಿತು, ಹಲ್ಲುಜ್ಜಿದರೆ ವಸಡಲ್ಲಿ ರಕ್ತ. ರಾತ್ರಿಯೇ ಅಡ್ಮಿಟ್ ಮಾಡಿಸಿದೆ. ಹಾಗಾಗಿ ಮೊದಲು ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಊರಿಗೆ ಹೋಗಿ ಬಂದ ಎರಡು ವಾರದೊಳಗೆ ಜ್ವರ ಬಂದರೆ ಅದನ್ನೂ ಹೇಳಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಬ್ರುಫೆನ್, ಆಸ್ಪಿರಿನ್ ಮುಟ್ಟಬೇಡಿ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ರಕ್ತ ಕಂಡರೆ ಪರಂಗಿ ಎಲೆ ರಸ ಕುಡಿಸುತ್ತಾ ಮನೆಯಲ್ಲಿ ಕೂರಬೇಡಿ, ತಕ್ಷಣ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋಗಿ.