ಅಜ್ಜಿ ಹತ್ತಿರ ಉಳಿದ ಹುಡುಗ ನಮ್ಮ ಲೆಕ್ಕದಲ್ಲಿ ಸೊನ್ನೆ

ವಿಜಯಪುರದಲ್ಲಿ ನಿಮ್ಮದೊಂದು ಸಣ್ಣ ಸಂಸ್ಥೆ ಇದೆ, ಅನಾಥ ಮಕ್ಕಳನ್ನು ಫಾಸ್ಟರ್ ಕುಟುಂಬಗಳಿಗೆ (ದತ್ತು ತಗೊಳ್ಳದೆ ಮಗುವನ್ನು ಸಾಕುವ ಮನೆಗಳಿಗೆ) ಸೇರಿಸೋ ಕೆಲಸಕ್ಕೆ ಇನ್ನೋವೇಶನ್ ಗ್ರಾಂಟ್, ಅಂದರೆ ಹೊಸ ಪ್ರಯೋಗಕ್ಕೆ ಕೊಡೋ ಅನುದಾನ, ಕೇಳಬೇಕು, ಯಾವ ಫಂಡ್‌ಗೆ ಹೋಗೋದು, ಒಂದು ಆ್ಯಪ್ ಇದ್ದರೆ ಅರ್ಜಿಗೆ ತೂಕ ಬರುತ್ತಾ ಅಂತ ಕೇಳಿದ್ದೀರಿ. 2022ರಲ್ಲಿ ಬಾಗಲಕೋಟೆ ನವನಗರದ ಬಾಡಿಗೆ ರೂಮಿನಲ್ಲಿ ಕೂತು ನಾನೂ ಇದನ್ನೇ ಎಲ್ಲರಿಗೂ ಕೇಳುತ್ತಿದ್ದೆ. ತೂಕ ಬರುತ್ತೆ. ನಮಗೂ ಬಂತು. ದುಡ್ಡೂ ಬಂತು. ಆದರೆ ಅರ್ಧ.

ನಾವು ಕೇಳಿದ್ದು 16 ಲಕ್ಷ, ಎರಡು ಕಂತಿನಲ್ಲಿ. ಫೌಂಡೇಶನ್ ಬೆಂಗಳೂರಿನದು, ಹೆಸರು ಬೇಡ. ಅವರದು ತಪ್ಪಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎರಡು ವರ್ಷ ಅವರನ್ನೇ ಬೈದುಕೊಂಡು ಓಡಾಡಿದ್ದೇನೆ. ಅರ್ಜಿ ಬರೆದವನು ನಾನು. ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಆ ಕೆಲಸ ನನ್ನ ತಲೆಗೆ ಬಂದಿತ್ತು. ನೆಟ್‌ನಲ್ಲಿ ಹುಡುಕಿ ಅಮೆರಿಕದ ಯಾವುದೋ ಸಂಸ್ಥೆಯ ಹಳೇ ಅರ್ಜಿ ಇಳಿಸಿಕೊಂಡೆ. ಎಷ್ಟು ಚೆಂದ ಇತ್ತು ಅಂದರೆ, ಊರಿನ ಹೆಸರು ಬದಲಿಸಿದರೆ ಸಾಕು ಅನ್ನಿಸಿತು. ಹೆಚ್ಚು ಕಡಿಮೆ ಅದನ್ನೇ ಮಾಡಿದೆ.

ಆ ಅರ್ಜಿಯಲ್ಲಿ ಫಲಿತಾಂಶದ ಕಾಲಂ ಒಂದಿತ್ತು. ಅಲ್ಲಿ ನಾನು ಬರೆದದ್ದು ಒಂದೇ ಸಾಲು: 'ಒಂದು ವರ್ಷದಲ್ಲಿ ಫಾಸ್ಟರ್ ಕುಟುಂಬಕ್ಕೆ ಸೇರಿಸುವ ಮಕ್ಕಳು: 30'.

ಈ ಒಂದು ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಉಳಿದದ್ದೆಲ್ಲ ಇದರಿಂದಲೇ ಆದದ್ದು. 'ಸೇರಿಸುವ' ಅನ್ನೋ ಶಬ್ದ ನೋಡಿ. ಮಗು ಒಂದು ಮನೆಯಿಂದ ಎದ್ದು ಇನ್ನೊಂದು ಮನೆಗೆ ಹೋದರೆ ಮಾತ್ರ ಅದು ನಮ್ಮ ಲೆಕ್ಕ. ಮಗು ತನ್ನ ಮನೆಯಲ್ಲೇ ಉಳಿದರೆ ಲೆಕ್ಕ ಇಲ್ಲ. ಬಾಲಮಂದಿರಕ್ಕೆ ಹೋಗಬೇಕಾದ ಮಗುವನ್ನು ಅದರ ಚಿಕ್ಕಮ್ಮನ ಹತ್ತಿರ ಉಳಿಸಿ, ಅವಳಿಗೆ ಸರ್ಕಾರದ ದುಡ್ಡು ಬರೋ ಹಾಗೆ ಮಾಡಿ, ಮಗು ಅದೇ ಶಾಲೆಗೆ ಹೋಗ್ತಾ ಇದ್ದರೆ ಕೆಲಸ ಪೂರ್ತಿ ಆಯ್ತು ಅಲ್ವಾ? ಆದರೆ ನಮ್ಮ ಕಾಗದದಲ್ಲಿ ಅದು ಸೊನ್ನೆ. ಅರ್ಜಿಯ ತಲೆಬರಹದಲ್ಲಿ 'ಕುಟುಂಬ ಉಳಿಸುವುದು' ಅಂತ ದಪ್ಪ ಅಕ್ಷರದಲ್ಲಿ ಬರೆದು, ಅಳತೆಗೋಲು ಮಾತ್ರ ಕುಟುಂಬ ಬಿಡಿಸೋದಕ್ಕೆ ಇಟ್ಟಿದ್ದೆ. ಆಮೇಲೆ ಗೊತ್ತಾದ ತಮಾಷೆ ಅಂದರೆ, ನಾನು ಕಾಪಿ ಹೊಡೆದ ಅಮೆರಿಕದಲ್ಲೇ ಆ ಲೆಕ್ಕ ಹಳೆಯದಾಗಿತ್ತು. ಅಲ್ಲಿ ಮೊದಲು ಕೇಂದ್ರದ ಫಾಸ್ಟರ್ ಕೇರ್ ದುಡ್ಡು ಹೆಚ್ಚಾಗಿ ಮಗುವನ್ನು ಮನೆಯಿಂದ ತೆಗೆದ ಮೇಲೆಯೇ ಸಿಗುತ್ತಿತ್ತು. 2018ರಲ್ಲಿ ಫ್ಯಾಮಿಲಿ ಫಸ್ಟ್ ಅನ್ನೋ ಕಾಯ್ದೆ ಬಂದು, ಮಗು ಮನೆ ಬಿಡದಂತೆ ತಡೆಯೋದಕ್ಕೂ 12 ತಿಂಗಳವರೆಗೆ ಖರ್ಚು ಮಾಡಬಹುದು ಅಂತ ಆಯ್ತು. ಅವರು ಬಿಟ್ಟ ಕಾಲಂ ಅನ್ನು ನಾನು 2022ರಲ್ಲಿ ಹುನಗುಂದ ತಾಲ್ಲೂಕಿಗೆ ತಂದು ಹಾಕಿದ್ದೆ.

ಅದು ತಪ್ಪು ಅಂತ ನನಗೆ ಗೊತ್ತಾದದ್ದು 2023ರ ಜನವರಿಯಲ್ಲಿ. ಇಳಕಲ್ ಕಡೆ ಒಂದು ಹಳ್ಳಿಯಲ್ಲಿ 11 ವರ್ಷದ ಹುಡುಗ. ಅವ್ವ ಮೊದಲೇ ತೀರಿಕೊಂಡಿದ್ದಳು, ಅಪ್ಪ ಗೋವಾದಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋದವನು ಅಲ್ಲೇ ಸತ್ತ. ಫಾಸ್ಟರ್ ಕುಟುಂಬಕ್ಕೆ ಪಕ್ಕಾ ಕೇಸು ಅಂತ ನಾನು ಫೈಲ್ ಹಿಡಿದುಕೊಂಡು ಹೋದೆ. ಮನೆಯಲ್ಲಿ ಅಜ್ಜಿ, ತಾಯಿಯ ತಾಯಿ, ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಇಳಕಲ್‌ನ ಎರಡು ಖಾನಾವಳಿಗೆ ದಿನಾ ಖಡಕ್ ರೊಟ್ಟಿ ಕೊಡುತ್ತಾಳೆ. ಹುಡುಗ ಪಕ್ಕದಲ್ಲಿ ಕೂತು ಹತ್ತತ್ತು ರೊಟ್ಟಿ ಎಣಿಸಿ ಬಟ್ಟೆಯಲ್ಲಿ ಸುತ್ತುತ್ತಿದ್ದ, ಮಗ್ಗಿ ಹೇಳಿಕೊಳ್ಳುತ್ತಾ. ನಾನು ಫಾಸ್ಟರ್ ಕೇರ್ ಅಂದರೆ ಏನು ಅಂತ ನನಗೆ ತಿಳಿದ ಕನ್ನಡದಲ್ಲಿ ಹೇಳಿದೆ, ಸಾಕು ತಂದೆ-ತಾಯಿ, ಒಳ್ಳೆ ಮನೆ, ಓದು. ಅಜ್ಜಿ ಕೈ ನಿಲ್ಲಿಸಲೇ ಇಲ್ಲ. "ನಾ ಏನ್ ಸತ್ತೀನೇನೋ ತಮ್ಮಾ? ಇಂವಂಗ ಬ್ಯಾರೆ ಅವ್ವ ಯಾಕ ಬೇಕು? ರೊಕ್ಕ ಕೊಡೂದಿದ್ರ ನನಗ ಕೊಡು, ನಾನ ಸಾಕ್ತೀನಿ."

ಮಕ್ಕಳ ರಕ್ಷಣೆಗೆ ಅಂತ ಕೇಂದ್ರ ಸರ್ಕಾರ ನಡೆಸೋ ಮಿಷನ್ ವಾತ್ಸಲ್ಯ ಯೋಜನೆಯ ಇಡೀ ಪ್ರಾಯೋಜಕತ್ವದ ಅಧ್ಯಾಯವನ್ನು ಅಜ್ಜಿ ಒಂದು ಸಾಲಿನಲ್ಲಿ ಹೇಳಿದ್ದಳು. ಬಾಲ ನ್ಯಾಯ ಕಾಯ್ದೆ 2015ರಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ: ಕಲಂ 44 ಫಾಸ್ಟರ್ ಕೇರ್, ಕಲಂ 45 ಪ್ರಾಯೋಜಕತ್ವ. ಎರಡನೆಯದು ಮಗು ತನ್ನವರ ಹತ್ತಿರವೇ ಇರಲಿ ಅಂತ ಕೊಡೋ ದುಡ್ಡು. 2022ರಿಂದ ತಿಂಗಳಿಗೆ 4,000 ರೂಪಾಯಿ, ಅದಕ್ಕೂ ಮೊದಲು 2,000 ಇತ್ತು. ವಿಧವೆಯರ ಮಕ್ಕಳು, ಸಂಬಂಧಿಕರ ಮನೆಯಲ್ಲಿ ಬೆಳೆಯುವ ತಬ್ಬಲಿಗಳು ಎಲ್ಲ ಇದರಲ್ಲಿ ಬರುತ್ತಾರೆ. ಹಳ್ಳಿಯಲ್ಲಾದರೆ ಕುಟುಂಬದ ವರ್ಷದ ಆದಾಯ 72,000 ದಾಟಬಾರದು, ಪಟ್ಟಣದಲ್ಲಿ 96,000.

ಸರಿ, ಅರ್ಜಿ ಹಾಕಿಸೋಣ ಅಂತ ಹೊರಟೆವು. ಆಮೇಲೆ ಶುರುವಾಯ್ತು ನೋಡಿ. ಅಪ್ಪನ ಮರಣ ಪ್ರಮಾಣ ಪತ್ರ ಬೇಕು. ಸಾವು ಎಲ್ಲಿ ಆಯ್ತೋ ಅಲ್ಲೇ ನೋಂದಣಿ ಆಗಬೇಕು. ಕಂಟ್ರಾಕ್ಟರ್ ಹೆಣ ಗಾಡಿಗೆ ಹಾಕಿಸಿ ಊರಿಗೆ ಕಳಿಸಿ ಕೈ ತೊಳೆದುಕೊಂಡಿದ್ದ, ಗೋವಾದಲ್ಲಿ ಯಾರೂ ಬರೆಸಿರಲಿಲ್ಲ. ಊರಲ್ಲಿ ಕೇಳಿದರೆ ಸತ್ತಿದ್ದು ಇಲ್ಲಲ್ಲ ಅಂತಾರೆ. ಆಗಲೇ ಹತ್ತು ತಿಂಗಳಾಗಿತ್ತು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ನಮ್ಮ ಫೀಲ್ಡ್ ಹುಡುಗ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಗೋವಾ ಬಸ್ ಹಿಡಿದು, ಮೂರು ಸಲ ಹೋಗಿ ಬಂದ. ಮೂರನೇ ಸಲ ಅಫಿಡವಿಟ್ ಜೊತೆ ಅಜ್ಜಿಯನ್ನೂ ಕರೆದುಕೊಂಡು ಹೋದ, ಅವಳು ದಾರಿಗೆ ಅಂತ ನಲವತ್ತು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳಂತೆ, ಅರ್ಧ ಬಸ್ಸಿಗೆ ಹಂಚಿದಳಂತೆ. ಪತ್ರ ಸಿಕ್ಕಿತು. ಆದಾಯ ಪತ್ರಕ್ಕೆ ನಾಡಕಚೇರಿ. ಬ್ಯಾಂಕಿನಲ್ಲಿ ಅಜ್ಜಿಯ ಹೆಬ್ಬೆಟ್ಟು ಮಷಿನ್ ತಗೊಳ್ಳಲಿಲ್ಲ. ನಲವತ್ತು ವರ್ಷ ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು, ಗೆರೆಯೇ ಉಳಿದಿಲ್ಲ. ಕಡೆಗೆ ಕಿರುಬೆರಳು ಕೆಲಸ ಮಾಡಿತು. ಮೊದಲ 4,000 ಖಾತೆಗೆ ಬೀಳೋ ಹೊತ್ತಿಗೆ ಆಗಸ್ಟ್.

ಈ ಏಳು ತಿಂಗಳು ಅವರು ಏನು ತಿಂದರು? ಯಾವ ಯೋಜನೆಯಲ್ಲೂ ಇದಕ್ಕೆ ಉತ್ತರ ಇಲ್ಲ. ಮಕ್ಕಳು ಬಾಲಮಂದಿರಕ್ಕೆ ಹೋಗೋದು ಹೆಚ್ಚಾಗಿ ಈ ನಡುವಿನ ತಿಂಗಳುಗಳಲ್ಲೇ. ನಾನು ನೋಡಿದ ಹಾಗೆ, ಪ್ರೀತಿ ಇಲ್ಲದೆ ಬಿಟ್ಟವರು ಕಮ್ಮಿ. ಕಾಗದ ಇಲ್ಲದೆ, ಕಾಳು ಇಲ್ಲದೆ ಬಿಟ್ಟವರೇ ಜಾಸ್ತಿ.

ನಮ್ಮ ಗ್ರಾಂಟಿನಲ್ಲಿ ಇದಕ್ಕೆ ಒಂದು ರೂಪಾಯಿ ಇರಲಿಲ್ಲ. ಪ್ರಯಾಣ ಅಂತ ಇದ್ದ ಲೈನಿನಲ್ಲಿ 'ತಾಲ್ಲೂಕಿನ ಒಳಗೆ' ಅಂತ ನಾನೇ ಬರೆದಿದ್ದೆ, ಖರ್ಚು ಕಮ್ಮಿ ಕಾಣಲಿ ಅಂತ. ಆದರೆ ಆ್ಯಪ್‌ಗೆ 3.20 ಲಕ್ಷ ಇತ್ತು. ಫಾಸ್ಟರ್ ಕುಟುಂಬಗಳು ಅದರಲ್ಲಿ ಹೆಸರು ನೋಂದಾಯಿಸಬೇಕು, ನಾವು ಮಗುವಿಗೆ ಹೊಂದೋ ಕುಟುಂಬ ಹುಡುಕಬೇಕು ಅಂತ ಪ್ಲಾನ್. ಆ ಆ್ಯಪ್ ಅನ್ನು ಇಡೀ ವರ್ಷ ನಿಯಮಿತವಾಗಿ ಬಳಸಿದವನು ನಾನೊಬ್ಬನೇ. ಅದೂ ತೆರೆಯುತ್ತಾ ಅಂತ ನೋಡೋಕೆ.

ಫೋನ್ ಮಾಡಿದ ಕುಟುಂಬಗಳೇನೋ ಇದ್ದವು. ಅರ್ಧ ಜನಕ್ಕೆ ಇದು ದತ್ತು ಅಲ್ಲ ಅಂತ ಗೊತ್ತಿರಲಿಲ್ಲ, ಎರಡು ವರ್ಷದೊಳಗಿನ ಕೂಸು ಕೊಡಿ ಅನ್ನುತ್ತಿದ್ದರು. ಫಾಸ್ಟರ್ ಕೇರ್ ಇರೋದು ಹೆಚ್ಚಾಗಿ ಆರು ವರ್ಷ ಮೇಲ್ಪಟ್ಟ ಮಕ್ಕಳಿಗೆ. ಇನ್ನು ಕೆಲವರು ಆಸ್ತಿಯಲ್ಲಿ ಪಾಲು ಕೇಳ್ತಾರಾ ಅಂತ. ಒಬ್ಬರು ನೇರವಾಗಿಯೇ, "ಹೆಣ್ಣು ಹುಡುಗಿ ಇದ್ರ ಕೊಡ್ರಿ, ಮನಿ ಕೆಲಸಕ್ಕೂ ಆಕ್ಕೈತಿ" ಅಂದರು. ಇಂಥವರನ್ನು ಜರಡಿ ಹಿಡಿಯೋಕೆ ಆ್ಯಪ್ ಆಗಲ್ಲ, ಮನೆಗೆ ಹೋಗಿ ಅವರ ಹಿತ್ತಲಲ್ಲಿ ಪಾತ್ರೆ ಯಾರು ತಿಕ್ಕುತ್ತಾರೆ ಅಂತ ನೋಡಬೇಕು. ಮತ್ತೆ ಇನ್ನೊಂದು ವಿಷಯ, ನಿಮ್ಮ ಪ್ರಶ್ನೆಯಲ್ಲಿ 'ನಾವು ಸೇರಿಸುತ್ತೇವೆ' ಅಂತ ಇದೆ. ನೀವು ಸೇರಿಸೋಕೆ ಬರಲ್ಲ. ಮಗುವನ್ನು ಯಾರ ಹತ್ತಿರ ಇಡಬೇಕು ಅಂತ ಆದೇಶ ಮಾಡೋದು ಮಕ್ಕಳ ಕಲ್ಯಾಣ ಸಮಿತಿ. ನೀವು ಮನೆ ನೋಡಿ ವರದಿ ಕೊಡಬಹುದು, ಓಡಾಡಬಹುದು, ಅಷ್ಟೇ. ಅರ್ಜಿಯಲ್ಲಿ ಆ ಕ್ರಿಯಾಪದವನ್ನು ಮೊದಲು ತೆಗೆಯಿರಿ.

ವರ್ಷದ ಕೊನೆಗೆ ನಮ್ಮ ಲೆಕ್ಕ ಹೀಗಿತ್ತು. ಫಾಸ್ಟರ್ ಕುಟುಂಬದಲ್ಲಿ ಇಬ್ಬರು. ಅವರಿಬ್ಬರಿಗೂ ನಿಜವಾಗಿ ಯಾರೂ ಇರಲಿಲ್ಲ, ಇಬ್ಬರೂ ಚೆನ್ನಾಗಿದ್ದಾರೆ. ತಮ್ಮವರ ಮನೆಯಲ್ಲೇ ಉಳಿದವರು 19. ವರದಿಯ ಕಾಲಂನಲ್ಲಿ ತುಂಬಲು ಸಾಧ್ಯವಾದದ್ದು: 30ಕ್ಕೆ 2. ವಿಮರ್ಶೆಗೆ ಬಂದ ಮೇಡಂ ಪಾಪ ಒಳ್ಳೆಯವರು, ಅಜ್ಜಿ ಮನೆಗೂ ಬಂದು ರೊಟ್ಟಿ ತಿಂದರು, ಕಣ್ಣು ಒರೆಸಿಕೊಂಡರು. ಆಮೇಲೆ ಒಪ್ಪಂದದ ಪುಟ ತಿರುವಿ, "ಸರ್, ಈ ಸಂಖ್ಯೆ ನೀವೇ ಬರೆದದ್ದು ಅಲ್ವಾ?" ಅಂದರು. ಎರಡನೇ ಕಂತು ನಿಂತಿತು. ಗೋವಾಕ್ಕೆ ಹೋದ ಹುಡುಗನಿಗೆ ಮೂರು ತಿಂಗಳ ಸಂಬಳ ಬಾಕಿ ಉಳಿಯಿತು, ಅವನು ಈಗ ಒಂದು ಫೈನಾನ್ಸ್ ಕಂಪನಿಯಲ್ಲಿ ವಸೂಲಿ ಕೆಲಸ ಮಾಡ್ತಾನೆ. ಅಂಥ ಹುಡುಗ ಮತ್ತೆ ಸಿಗಲಿಲ್ಲ.

ಈ ತಪ್ಪಿಗೆ ಬಾಲವೂ ಒಂದಿದೆ. ಜನವರಿಯಲ್ಲೇ ನನಗೆ ಗೊತ್ತಾಗಿತ್ತಲ್ಲ, ಆಗಲೇ ಫೌಂಡೇಶನ್‌ಗೆ ಫೋನ್ ಮಾಡಿದ್ದೆ. ಅವರು 'ಪರವಾಗಿಲ್ಲ ಸರ್, ತುಂಬ ಒಳ್ಳೆ ಕಲಿಕೆ' ಅಂದಿದ್ದರು. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಮೇಲ್ ಹಾಕಲಿಲ್ಲ. ಒಂದು ಮೇಲ್ ಹಾಕಿ ಗುರಿಯನ್ನು ಬದಲಿಸಿಕೊಡಿ ಅಂತ ಕೇಳಿದ್ದರೆ ಬಹುಶಃ ಬದಲಿಸುತ್ತಿದ್ದರು. ಆ ಫೋನ್ ಮಾತಾಡಿದವರು ಏಪ್ರಿಲ್‌ನಲ್ಲಿ ಬೇರೆ ಕೆಲಸಕ್ಕೆ ಹೋದರು, ಅವರ ಜೊತೆ ನಮ್ಮ ಒಪ್ಪಿಗೆಯೂ ಹೋಯ್ತು.

ಯಾವ ಫಂಡ್ ಅಂತ ಕೇಳಿದ್ದೀರಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದಿದ್ದರೆ ವಿದೇಶಿ ದುಡ್ಡಿನ ಕಡೆ ನೋಡಲೇ ಬೇಡಿ. ದೊಡ್ಡ ಸಂಸ್ಥೆ ತಗೊಂಡು ನಿಮಗೆ ಹಂಚುತ್ತೆ ಅನ್ನೋ ದಾರಿ 2020ರ ತಿದ್ದುಪಡಿಯಲ್ಲಿ ಮುಚ್ಚಿಹೋಗಿದೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ದುಡ್ಡಿಗೆ 12ಎ, 80ಜಿ ಅಂತ ಕರೆಯೋ ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ಜೊತೆಗೆ ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ಇವು ಇದ್ದರೆ ಯಾವ ಫಂಡ್ ಆದರೂ ಒಂದೇ, ಬಾಗಿಲು ತಟ್ಟಿ. ನಿಮ್ಮ ತೊಡಕು ಇರೋದು ಅಲ್ಲಿ ಅಲ್ಲ.

ನನ್ನ ಪ್ರಕಾರ ನಿಮ್ಮ ಪ್ರಶ್ನೆಯಲ್ಲಿ ಎರಡು ಶಬ್ದ ತಪ್ಪಿವೆ. ಒಂದು 'ಅನಾಥ'. ನಿಮ್ಮ ಪಟ್ಟಿ ತೆಗೆದು ಒಂದೊಂದು ಮಗುವಿನ ಮುಂದೆ ಬರೆಯಿರಿ: ಅವ್ವ ಇದ್ದಾಳಾ, ಅಜ್ಜಿ, ಸೋದರಮಾವ, ದೊಡ್ಡಪ್ಪ? ವಿಜಯಪುರದ ತಾಂಡಾಗಳ ಕಡೆ ಕೆಲಸ ಮಾಡ್ತೀರಾ ಅಂದರೆ ಅರ್ಧಕ್ಕರ್ಧ ಮಕ್ಕಳ ಅಪ್ಪ-ಅವ್ವ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುತ್ತಾ ಇರಬಹುದು, ಸುಗ್ಗಿ ಮುಗಿದ ಮೇಲೆ ಬಂದು ಮಗು ಎಲ್ಲಿ ಅಂತ ಕೇಳುತ್ತಾರೆ. ಕಾಯ್ದೆಯೇ ಹೇಳುತ್ತೆ, ಸಂಸ್ಥೆಗೆ ಸೇರಿಸೋದು ಕಡೆಯ ದಾರಿ ಅಂತ. ನಿಜಕ್ಕೂ ಯಾರೂ ಇಲ್ಲದ ಮಗುವಿಗೆ ಫಾಸ್ಟರ್ ಮನೆ ಹುಡುಕಿ, ಖಂಡಿತ ಹುಡುಕಿ. 2024ರ ಹೊಸ ಮಾರ್ಗಸೂಚಿಯಲ್ಲಿ ಒಂಟಿಯಾಗಿ ಇರುವವರೂ ಫಾಸ್ಟರ್ ಪೋಷಕರಾಗಬಹುದು, ಐದು ವರ್ಷದ ಬದಲು ಎರಡು ವರ್ಷಕ್ಕೇ ದತ್ತು ಕೇಳಬಹುದು, ಅದು ಒಳ್ಳೆಯದೇ. ಆದರೆ ಆ ಪಟ್ಟಿ ಚಿಕ್ಕದು.

ಇನ್ನೊಂದು 'ಆ್ಯಪ್'. ಬೇಡ. ಸುಮ್ನೆ ಬೇಡ.

2024ರಲ್ಲಿ ನಾವು ಬೇರೆ ಕಡೆ ಮತ್ತೆ ಅರ್ಜಿ ಹಾಕಿದೆವು. ಈ ಸಲ ಬರೀ 6 ಲಕ್ಷ, ಕನ್ನಡದಲ್ಲಿ ಮೊದಲು ಬರೆದು ಆಮೇಲೆ ಇಂಗ್ಲಿಷ್ ಮಾಡಿದೆ. ಗುರಿ: ಆರು ತಿಂಗಳಾದ ಮೇಲೂ ತಮ್ಮವರ ಮನೆಯಲ್ಲೇ ಇದ್ದು, ಅದೇ ಶಾಲೆಗೆ ಹೋಗ್ತಿರೋ ಮಕ್ಕಳು. ಖರ್ಚು: ಸರ್ಕಾರದ 4,000 ಬರೋವರೆಗೆ ತಿಂಗಳಿಗೆ 2,500ರ ದಿನಸಿ, ಕಾಗದ ಓಡಾಟಕ್ಕೆ ಒಬ್ಬ ಮನುಷ್ಯ, ಮತ್ತೆ ಒಂದು ಲೈನ್, 'ಹೊರ ರಾಜ್ಯದಿಂದ ಮರಣ ಪತ್ರ ತರುವ ವೆಚ್ಚ'. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಒಂದು ಪತ್ರ ಮೊದಲೇ ತಗೊಂಡು ಲಗತ್ತಿಸಿದ್ದೆ.

ವಿಡಿಯೋ ಕಾಲ್‌ನಲ್ಲಿ ಒಬ್ಬರು ಆ ಲೈನ್ ಓದಿ, "ಇದರಲ್ಲಿ ಇನ್ನೋವೇಶನ್ ಎಲ್ಲಿದೆ?" ಅಂತ ಕೇಳಿದರು. ನಾನು ಗೋವಾ ಬಸ್ಸಿನ ಕಥೆ ಹೇಳಿದೆ. ರೊಟ್ಟಿ ಹಂಚಿದ್ದನ್ನೂ ಸೇರಿಸಿ. 4.5 ಲಕ್ಷ ಮಂಜೂರಾಯ್ತು, ಪೆಟ್ರೋಲ್ ಲೈನ್ ಮಾತ್ರ ಕತ್ತರಿಸಿದ್ದರು. ಆ್ಯಪ್‌ನ ಸರ್ವರ್ ಬಾಡಿಗೆ ಕಟ್ಟಿ ಅಂತ ನನ್ನ ಮೇಲ್‌ಗೆ ಈಗಲೂ ಪ್ರತಿ ವರ್ಷ ಜೂನ್‌ನಲ್ಲಿ ನೆನಪೋಲೆ ಬರುತ್ತೆ.