ಕಾರಿನ ಟಾಪಿನ ಒಳಬಟ್ಟೆಗೆ ನೀರು ಹೊಯ್ಯಬೇಡಿ

ಪ್ರಶ್ನೆ: ಬಟ್ಟೆಯ ಟಾಪ್ ಇರುವ, ಅದನ್ನು ಮಡಚಿ ಹಿಂದಕ್ಕೆ ಇಳಿಸುವ ಕನ್ವರ್ಟಿಬಲ್ ಕಾರೊಂದನ್ನು ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಒಳಬಟ್ಟೆ ತಿಳಿ ಬೂದು ಬಣ್ಣದ್ದು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಗಾಜಿನ ಮೇಲ್ಗಡೆ, ಒಳಬಟ್ಟೆಯ ಬಲ ಮೂಲೆಯಲ್ಲಿ ಚಹಾ ಚೆಲ್ಲಿದ ಹಾಗೆ ಕಲೆ ಎದ್ದಿದೆ. ಹಿಂದಿನ ಸೀಟಿನ ಮೇಲ್ಗಡೆ ಕರಿ ಚುಕ್ಕೆಗಳ ಬೂಷ್ಟು. ವಾಷಿಂಗ್ ಸೆಂಟರ್‌ನಲ್ಲಿ ಸ್ಟೀಮ್ ಹೊಡೆದು ತೊಳೆದು ಕೊಡುತ್ತೇವೆ ಅಂತಾರೆ. ಮಾಡಿಸಲಾ?
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಬೇಡ ಸರ್, ಸ್ಟೀಮ್ ಬೇಡವೇ ಬೇಡ. ಆ ಬಟ್ಟೆಯನ್ನು ಕೆಲವು ಕಡೆ ಹೊಲಿದಿರುತ್ತಾರೆ, ಕೆಲವು ಕಡೆ ಅಂಟಿಸಿರುತ್ತಾರೆ. ಬಿಸಿ ಹಬೆ ತಾಗಿದರೆ ಅಂಟು ಬಿಡುತ್ತದೆ. ಬಟ್ಟೆಯ ಹಿಂದಿನ ಪ್ಯಾಡಿಂಗ್ ಒಂದು ಸಲ ನೀರು ಕುಡಿದರೆ ಬೆಳಗಾವಿಯ ತಂಪು ಹವೆಯಲ್ಲಿ ಬೇಗ ಒಣಗುವುದಿಲ್ಲ.

ಕುಶನ್ ಅಂಗಡಿ ಹಾಕಿದ ಹೊಸತರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಚೋರ್ಲಾ ಘಾಟ್ ದಾಟಿ ಗೋವಾದಿಂದ ಬಂದ ಗಾಡಿ. ಸೋಪು ನೀರು ಹಾಕಿ ಚೆನ್ನಾಗಿ ಉಜ್ಜಿದೆ. ಸಂಜೆ ಅವಸರದಲ್ಲಿ ಟಾಪ್ ಮಡಚಿ ಕೊಟ್ಟೆ. ಮೂರನೇ ದಿನ ಗಾಡಿ ವಾಪಸ್ ಬಂತು. ಟಾಪ್ ಬಿಡಿಸಿದರೆ ಮಡಿಕೆ ಮಡಿಕೆಯಲ್ಲೂ ಬೂಷ್ಟು, ಹಸಿ ಗೋಣಿಚೀಲದ ವಾಸನೆ. ಹೊಸ ಬಟ್ಟೆಯ ಖರ್ಚು ನಾನೇ ಕೊಟ್ಟೆ. ಅವತ್ತಿನಿಂದ ಟಾಪ್ ಪೂರ್ತಿ ಒಣಗಿದೆ ಅಂತ ಕೈಯಿಟ್ಟು ನೋಡದೆ ಮಡಚಲು ಬಿಟ್ಟಿಲ್ಲ.

ಕಲೆ ತೆಗೆಯುವ ಮೊದಲು ನೀರು ಎಲ್ಲಿಂದ ಬಂತು ನೋಡಿ. ಟಾಪ್ ಹಾಕುವಾಗ ಮುಂದಿನ ಗಾಜಿನ ಅಂಚಿಗೆ ಟಾಪ್ ಕೂರುವ ಕಡೆಯ ರಬ್ಬರ್ ಮೇಲೆ ಒಂದು ಕಾಗದದ ಪಟ್ಟಿ ಇಟ್ಟು ಲಾಕ್ ಮಾಡಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಚೆನ್ನಾಗಿದೆ. ಬಲ ಮೂಲೆಯಲ್ಲಿ ಮಾತ್ರ ಸಲೀಸಾಗಿ ಜಾರಿ ಬಂದರೆ ಕಳ್ಳ ಅಲ್ಲೇ ಇದ್ದಾನೆ. ಟಾಪ್ ಮಡಚಿ ಕೂರುವ ಜಾಗದ ಕೆಳಗೆ ನೀರು ಹೋಗುವ ತೂತುಗಳಿರುತ್ತವೆ. ಅಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ನಿಂತು ಹಿಂದಿನ ಭಾಗದಲ್ಲಿ ಸದಾ ತೇವ ಇರುತ್ತದೆ. ನಿಮ್ಮ ಬೂಷ್ಟಿಗೆ ಅದೇ ಕಾರಣ ಇರಬಹುದು. ಆ ತೂತುಗಳಿಗೆ ಒಂದು ಚೊಂಬು ನೀರು ನಿಧಾನ ಹೊಯ್ದು, ಗಾಡಿಯ ಕೆಳಗೆ ಸುರಿಯುತ್ತದಾ ನೋಡಿ. ಗಟ್ಟಿ ತಂತಿ ಹಾಕಿ ತಿವಿಯಬೇಡಿ, ಒಳಗಿನ ಪೈಪ್ ಕಳಚುತ್ತದೆ.

ಇನ್ನು ಕಲೆ. ಟಾಪ್ ಹಾಕಿ, ಗಾಜು ಇಳಿಸಿ, ಬಾಗಿಲು ತೆರೆದಿಡಿ. ಮೊದಲು ಒಣ ಕೆಲಸ: ವ್ಯಾಕ್ಯೂಮ್‌ಗೆ ಮೆತ್ತನೆ ಬ್ರಷ್ ಹಾಕಿ ಧೂಳು ಎಳೆಯಿರಿ. ಧೂಳಿದ್ದಾಗಲೇ ಒದ್ದೆ ಮಾಡಿದರೆ ಅದು ಕೆಸರಾಗಿ ಎಳೆಯೊಳಗೆ ಇಳಿಯುತ್ತದೆ.

ಆಮೇಲೆ ಒಂದು ಬೋಗುಣಿಯಲ್ಲಿ ಎರಡು ಲೋಟ ಫಿಲ್ಟರ್ ನೀರಿಗೆ ನಾಲ್ಕೈದು ಹನಿ ಮಕ್ಕಳ ಶಾಂಪೂ ಹಾಕಿ, ಮಜ್ಜಿಗೆ ಕಡೆದ ಹಾಗೆ ಕಡೆಯಿರಿ. ಬೋರ್‌ನ ಸವಳು ನೀರು ಬೇಡ, ಒಣಗಿದ ಮೇಲೆ ಬಿಳಿ ಗೆರೆ ಬಿಡುತ್ತದೆ. ನಮಗೆ ಬೇಕಾದದ್ದು ಮೇಲಿನ ನೊರೆ ಮಾತ್ರ. ಮೈಕ್ರೋಫೈಬರ್ ಬಟ್ಟೆಯಲ್ಲಿ ನೊರೆ ತೆಗೆದು, ಕಲೆಯ ಮೇಲೆ ಮೆಲ್ಲಗೆ ಒತ್ತಿ ಒತ್ತಿ ತೆಗೆಯಿರಿ. ಗಸಗಸ ಉಜ್ಜಿದರೆ ಬಟ್ಟೆ ಜುಂಜು ಏಳುತ್ತದೆ. ಬಟ್ಟೆಯಿಂದ ಒಂದು ಹನಿಯೂ ತೊಟ್ಟಿಕ್ಕಬಾರದು.

ಒಂದು ಮಾತು ಮರೆಯಬೇಡಿ. ಕಲೆ ಇರುವಷ್ಟೇ ಜಾಗ ಒರೆಸಿ ಬಿಡಬೇಡಿ. ಒದ್ದೆ ಜಾಗದ ಕೊಳೆ ಅಂಚಿಗೆ ಹರಿದು ಹೋಗಿ ಅಲ್ಲೇ ಒಣಗುತ್ತದೆ, ಅದಕ್ಕೇ ಬಳೆಯಂಥ ಗೆರೆ ಬೀಳೋದು. ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಇಡೀ ತುಂಡನ್ನು ಒಂದೇ ಸಮ ಒರೆಸಿ. ಶುದ್ಧ ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ.

ಬೂಷ್ಟಿಗೆ ಬಿಳಿ ವಿನೆಗರ್, ಅಷ್ಟೇ ನೀರು ಬೆರೆಸಿ, ಬಟ್ಟೆಗೆ ತಾಗಿಸಿ ಒತ್ತಿ. ಮೊದಲು ಮೂಲೆಯಲ್ಲಿ, ಕಾಣದ ಕಡೆ ಪರೀಕ್ಷೆ ಮಾಡಿ. ಬ್ಲೀಚ್ ಮುಟ್ಟಲೇಬೇಡಿ. ಬಣ್ಣವೂ ಹೋಗುತ್ತದೆ, ಹೊಲಿಗೆಯ ದಾರವೂ ಸೋಲುತ್ತದೆ. ಹಳೆಯ ಚುಕ್ಕೆ ಪೂರ್ತಿ ಹೋಗದೆ ಇರಬಹುದು, ಮಸುಕಾದರೆ ಸಾಕು ಅಂತ ಬಿಟ್ಟುಬಿಡಿ. ಎಷ್ಟೋ ಜನ ಆ ಕೊನೆಯ ಚುಕ್ಕೆಗಾಗಿಯೇ ಬಟ್ಟೆ ಹರಿದುಕೊಂಡಿದ್ದಾರೆ.

ನಂತರ ಟೇಬಲ್ ಫ್ಯಾನ್ ಹಚ್ಚಿ ಇಡೀ ದಿನ ಒಣಗಿಸಿ. ಮರುದಿನ ಬೆಳಿಗ್ಗೆ ಹಿಂಗೈಯನ್ನು ಬಟ್ಟೆಗೆ ತಾಗಿಸಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ತೇವ ಇದೆ, ಮಡಚಬೇಡಿ. ಈ ಕೆಲಸಕ್ಕೆ ನವೆಂಬರ್‌ನ ಬಿಸಿಲು ಸರಿಯಾದದ್ದು.

ಪ್ರಶ್ನೆ: ನಮ್ಮದು ಸಾದಾ ಕಾರು, 14 ವರ್ಷ ಹಳೆಯದು. ಒಳಗಿನ ರೂಫ್ ಬಟ್ಟೆ ಜೋತು ಬಿದ್ದು ತಲೆಗೆ ತಾಗುತ್ತದೆ. ತೊಳೆದು, ಗಮ್ ಹಾಕಿ ಅಂಟಿಸಬಹುದಾ?
— ಓದುಗರೊಬ್ಬರು, ವಿಜಯಪುರ

ಉತ್ತರ: ತೊಳೆಯುವುದೂ ಬೇಡ, ಅಂಟಿಸುವುದೂ ಬೇಡ ಸರ್. ನಿಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಇನ್ನೂ ಜಾಸ್ತಿ. ಆ ಬಟ್ಟೆಗೂ ಮೇಲಿನ ಹಲಗೆಗೂ ನಡುವೆ ತೆಳು ಫೋಮ್ ಇರುತ್ತದೆ. ವರ್ಷಾನುಗಟ್ಟಲೆ ಕಾದು ಕಾದು ಅದೇ ಪುಡಿಯಾಗಿದೆ. ಜೋತ ಬಟ್ಟೆಯನ್ನು ಬೆರಳಿಂದ ತಟ್ಟಿ ನೋಡಿ, ಕಂದು ಪುಡಿ ಉದುರುತ್ತದೆ. ಪುಡಿಯ ಮೇಲೆ ಯಾವ ಗಮ್ಮೂ ನಿಲ್ಲುವುದಿಲ್ಲ. ಹಲಗೆ ಕೆಳಗಿಳಿಸಿ, ಹಳೆ ಫೋಮ್ ಪೂರ್ತಿ ಕೆರೆದು, ಫೋಮ್ ಸಮೇತ ಬರುವ ಹೊಸ ಬಟ್ಟೆ ಹಾಕಿಸಬೇಕು. ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಕೆಲಸದ ಹುಡುಗನಿಗೆ ಹೇಳಿ. ಅಲ್ಲಿಯವರೆಗೆ ಹಿಂದಿನ ಗಾಜು ಕಾಣುವಷ್ಟು ಬಟ್ಟೆಯನ್ನು ಪಿನ್ ಹಾಕಿ ಎತ್ತಿ ನಿಲ್ಲಿಸಿಕೊಳ್ಳಿ.